ಕೆಸರುಗಾಲದಲ್ಲಿ ನ್ಯಾರೋಬೋಟಿಗೆ ಬಂಧುಗಳನ್ನು ಕರೆಯುವ ಬಗೆ

ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ ಎಂಬ ಕಿರಿದಾದ ಉದ್ದನೆಯ ದೋಣಿಯನ್ನೇ ಮನೆ ಮಾಡಿಕೊಂಡಿರುವ ನಮ್ಮಂಥವರನ್ನು ಜನವರಿಯ ಚಳಿಗಿಂತ ಮಾರ್ಚ್ ತಿಂಗಳ ಕೆಸರು ಹೆಚ್ಚು ಸತಾಯಿಸುತ್ತದೆ. ಚಳಿಯಾದರೆ ಒಲೆ ಹೊತ್ತಿಸಿಕೊಂಡು ಕೂರಬಹುದು. ಆದರೆ ಚಳಿಗಾಲವಿಡೀ ಮಳೆ ಕುಡಿದ ಜೇಡಿಮಣ್ಣಿನ ದಂಡೆಯ ಮೇಲೆ ನಡೆದು, ಮಣ್ಣನ್ನು ಒಳಗೆ ತಾರದೆ ದೋಣಿ ಹತ್ತುವುದು ಸುಲಭವಲ್ಲ. ಬಂಧುಗಳು ಸೇರುವ ದಿನಗಳೂ ಈ ಹೊತ್ತಿನಲ್ಲೇ ಬರುತ್ತವೆ. ಅಲ್ಲಿನವರ ತಾಯಂದಿರ ದಿನವಾದ ಮದರಿಂಗ್ ಸಂಡೇ ಮತ್ತು ಈಸ್ಟರ್, ನಮ್ಮ ಯುಗಾದಿ, ಎಲ್ಲವೂ ಆರೇಳು ವಾರಗಳ ಒಳಗೆ. ಕೆಲವು ವರ್ಷಗಳಿಂದ ಯುಗಾದಿಯ ನಂತರದ ಭಾನುವಾರ ಎಂಟು ಹತ್ತು ಜನರನ್ನು ದೋಣಿಗೆ ಕರೆದು ಊಟ ಹಾಕಿದ ಅನುಭವದಿಂದ ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ.

ಮೊದಲು ಜಾಗದ ಲೆಕ್ಕ. ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದ ಲಾಕುಗಳ (ನೀರಿನ ಮಟ್ಟವನ್ನು ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲಿನ ಕಟ್ಟೆಗಳ) ಅಗಲ ಸುಮಾರು 7 ಅಡಿ ಇದ್ದುದರಿಂದ ನ್ಯಾರೋಬೋಟಿನ ಅಗಲ 6 ಅಡಿ 10 ಅಂಗುಲಕ್ಕೆ ನಿಂತಿದೆ. ಒಳಗಿನ ಹಲಗೆ, ಶಾಖ ಕಾಯುವ ಪದರ ಎಲ್ಲ ಕಳೆದರೆ ನಿಲ್ಲಲು ಉಳಿಯುವುದು ಆರು ಅಡಿಯ ಆಸುಪಾಸು. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಹಾಗಾಗಿ ಆರು ಜನಕ್ಕಿಂತ ಹೆಚ್ಚು ಮಂದಿಯನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವ ಆಸೆಯನ್ನು ಬಿಟ್ಟುಬಿಡಿ. ಎರಡು ಪಂಕ್ತಿ ಮಾಡುವುದು ನಮಗೆ ಹೊಸದೇನೂ ಅಲ್ಲವಲ್ಲ.

ನನ್ನ ಅಭಿಪ್ರಾಯದಲ್ಲಿ ಈ ಕೂಟ ಚೆನ್ನಾಗಿ ನಡೆಯುವುದೂ ಕೆಡುವುದೂ ದೋಣಿಯನ್ನು ಎಲ್ಲಿ ಕಟ್ಟುತ್ತೀರಿ ಎಂಬುದರ ಮೇಲೆ ನಿಂತಿದೆ. ಒಳಗಿನ ಸಿದ್ಧತೆ ಆಮೇಲಿನ ಮಾತು. ನಿಗದಿತ ನಿಲ್ದಾಣವಿಲ್ಲದವರು 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಹೇಗೂ ಸರಿಯಬೇಕಾದ ಮೇಲೆ, ಹಬ್ಬದ ವಾರಕ್ಕೆ ಸರಿಯಾಗಿ ಗಟ್ಟಿ ದಂಡೆಯಿರುವ ಊರಿಗೆ ಬಂದು ಸೇರುವಂತೆ ಒಂದು ತಿಂಗಳು ಮೊದಲೇ ಪಯಣವನ್ನು ಹೊಂದಿಸಿಕೊಳ್ಳಿ. ಗಂಟೆಗೆ 4 ಮೈಲಿಯ ಮಿತಿಯಲ್ಲಿ, ನಡುನಡುವೆ ಲಾಕುಗಳನ್ನು ದಾಟುತ್ತ ಹೋಗುವಾಗ ಕೊನೆಯ ಗಳಿಗೆಯ ಅವಸರ ನಡೆಯುವುದಿಲ್ಲ. ಇದಲ್ಲದೆ ನವೆಂಬರಿನಿಂದ ಮಾರ್ಚ್‌ವರೆಗೆ ಲಾಕುಗಳ ದುರಸ್ತಿಗಾಗಿ ಕಾಲುವೆಗಳನ್ನು ಅಲ್ಲಲ್ಲಿ ಮುಚ್ಚುತ್ತಾರೆ. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಪ್ರಕಟಿಸುವ ಆ ಪಟ್ಟಿಯನ್ನು ನೋಡದೆ ದಿನ ಗೊತ್ತುಮಾಡಬೇಡಿ. ಕಲ್ಲು ಅಥವಾ ಕಾಂಕ್ರೀಟಿನ ಅಂಚು, ಹಗ್ಗ ಕಟ್ಟಲು ಕಬ್ಬಿಣದ ಬಳೆಗಳು, ಹತ್ತಿರದಲ್ಲೇ ನೀರಿನ ನಲ್ಲಿ, ಶೌಚದ ಪೆಟ್ಟಿಗೆಯನ್ನು ಖಾಲಿಮಾಡುವ ಎಲ್ಸನ್ ಕಟ್ಟೆ, ಕಾರು ನಿಲ್ಲಿಸಲು ಸ್ಥಳ, ಇಷ್ಟಿದ್ದರೆ ಹೂಬಿಟ್ಟ ಬ್ಲ್ಯಾಕ್‌ಥಾರ್ನ್ ಪೊದೆಗಳ ನೋಟ ಸಿಗದಿದ್ದರೂ ಪರವಾಗಿಲ್ಲ. ಮಳೆ ಹೆಚ್ಚಾದಾಗ ನದಿಯ ಭಾಗಗಳಿಗೆ ಹೋಗಲೇಬೇಡಿ. ಸೆಳೆತ ಬಲವಾದರೆ ಥೇಮ್ಸ್ ನದಿಯ ಲಾಕುಗಳಲ್ಲಿ ದೋಣಿ ನಡೆಸಬೇಡಿ ಎಂದು ಎಚ್ಚರಿಸುವ ಕೆಂಪು ಫಲಕ ಹಾಕುತ್ತಾರೆ. ನೀವು ಅಲ್ಲೇ ಸಿಕ್ಕಿಕೊಂಡರೆ ಬಂಧುಗಳು ಬೇರೆಲ್ಲೋ ಕಾಯುತ್ತಿರುತ್ತಾರೆ.

ಗಟ್ಟಿ ದಂಡೆ ಸಿಗದೆ ಹುಲ್ಲುದಂಡೆಯಲ್ಲೇ ನಿಲ್ಲಬೇಕಾಗಿ ಬಂದರೆ ದೋಣಿ ಕಟ್ಟಲು ನೆಲಕ್ಕೆ ಹೊಡೆಯುವ ಗೂಟಗಳ ಮೇಲೆ ನಿಗಾ ಇರಲಿ. ನನ್ನ ಎರಡನೆಯ ವರ್ಷದ ಕೂಟದಲ್ಲಿ, ಒಬ್ಬಟ್ಟಿನ ಎರಡನೆಯ ಸುತ್ತು ನಡೆಯುತ್ತಿದ್ದಾಗ ಒಂದು ದೋಣಿ ವೇಗವಾಗಿ ಪಕ್ಕದಲ್ಲಿ ಹಾದುಹೋಯಿತು. ನೀರು ನಮ್ಮ ದೋಣಿಯನ್ನು ಮುಂದಕ್ಕೂ ಹಿಂದಕ್ಕೂ ಎಳೆದಾಡಿತು. ಸ್ವಲ್ಪ ಹೊತ್ತಿನಲ್ಲೇ ನಮ್ಮತ್ತೆಯವರು ತಟ್ಟೆಯಿಂದ ತಲೆಯೆತ್ತಿ, “ಏನಮ್ಮಾ, ಕಿಟಕಿಯಲ್ಲಿದ್ದ ಮರ ಎಲ್ಲಿ ಹೋಯಿತು?” ಎಂದು ಕೇಳಿದರು. ಹಿಂಬದಿಯ ಗೂಟ ಕಿತ್ತು ದೋಣಿ ಕಾಲುವೆಗೆ ಅಡ್ಡಲಾಗಿ ತಿರುಗುತ್ತಿತ್ತು. ಹಗ್ಗವನ್ನು ಎಳೆದುಕೊಂಡಾಗ ಗೂಟದ ತುದಿಯಲ್ಲಿ ತೆಂಗಿನಕಾಯಿ ಗಾತ್ರದ ಜೇಡಿಯ ಮುದ್ದೆ ಹಾಗೆಯೇ ಅಂಟಿಕೊಂಡು ಬಂತು. ಅಂದಿನಿಂದ ಮೆತ್ತನೆಯ ನೆಲದಲ್ಲಿ ಪ್ರತಿ ತುದಿಗೂ ಎರಡೆರಡು ಗೂಟಗಳನ್ನು ಕತ್ತರಿಯಾಕಾರದಲ್ಲಿ, ತಲೆ ದೋಣಿಯಿಂದ ಆಚೆಗೆ ವಾಲುವಂತೆ ಹೊಡೆಯುತ್ತೇನೆ. ಹಗ್ಗವನ್ನು ನೆಲಮಟ್ಟದಲ್ಲೇ ಸುತ್ತುತ್ತೇನೆ. ಹಿಂದುಮುಂದಿನ ಎಳೆತವನ್ನು ತಡೆಯಲು ಓರೆಯಾಗಿ ಇನ್ನೊಂದು ಹಗ್ಗವನ್ನು ಬಿಗಿಯುತ್ತೇನೆ. ದಂಡೆಗೆ ತಗಡಿನ ತಡೆಗೋಡೆಯಿದ್ದರೆ ಗೂಟವೇ ಬೇಡ, ಅದರ ಪಟ್ಟಿಗೆ ಸಿಕ್ಕಿಸುವ ಕೊಕ್ಕೆ ಸಾಕು.

ಕಾಲುವೆಯ ದಾರಿಗೆ ಮನೆ ನಂಬರಿಲ್ಲ, ಆದರೆ ಸೇತುವೆಗಳಿಗೆ ನಂಬರಿದೆ. ಬರುವವರಿಗೆ ಕಾಲುವೆಯ ಹೆಸರು, ಹತ್ತಿರದ ಸೇತುವೆಯ ನಂಬರು, ಸೇತುವೆಯಿಂದ ಯಾವ ಕಡೆಗೆ ಎಷ್ಟು ಹೆಜ್ಜೆ, ಇಷ್ಟನ್ನೂ ಬರೆದು ಕಳುಹಿಸಿ. ಜೊತೆಗೆ ಗಮ್‌ಬೂಟು ಹಾಕಿಕೊಂಡು ಬರಲು, ಒಂದು ಜೊತೆ ಒಣ ಕಾಲುಚೀಲ ತರಲು ಮರೆಯದೆ ಹೇಳಿ. ಸೀರೆ ಉಡುವವರು ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು ಬಂದು ಒಳಗೆ ಸರಿಮಾಡಿಕೊಳ್ಳುವುದು ಒಳ್ಳೆಯದು. ನಮ್ಮತ್ತೆಯವರು ಮೈಸೂರು ರೇಷ್ಮೆಯ ಕೆಳಗೆ ಹಸಿರು ಗಮ್‌ಬೂಟು ತೊಟ್ಟು ಯಾವ ಸಂಕೋಚವೂ ಇಲ್ಲದೆ ಬರುತ್ತಾರೆ.

ಮುಂಬದಿಯ ತೆರೆದ ಕಟ್ಟೆಯನ್ನು ಊರಮನೆಯ ಜಗಲಿ ಎಂದುಕೊಳ್ಳಿ. ಕಾಲು ತೊಳೆದು ಒಳಗೆ ಬರುವ ಪದ್ಧತಿಗೆ ಇದಕ್ಕಿಂತ ತಕ್ಕ ಜಾಗ ಬೇರಿಲ್ಲ. ದಂಡೆಯ ಮೇಲೆ ಒಂದು ಮರದ ಪ್ಯಾಲೆಟ್, ಅದರ ಪಕ್ಕ ಬಕೆಟ್ಟು ಮತ್ತು ಗಡುಸಾದ ಬ್ರಷ್ಷು, ಕಟ್ಟೆಯಲ್ಲಿ ನಾರಿನ ಮ್ಯಾಟು, ಬೂಟುಗಳನ್ನು ಸಾಲಾಗಿ ಇಡಲು ಅಗಲವಾದ ಟ್ರೇ. ಬೂಟು ತೊಳೆಯಲು ತೊಟ್ಟಿಯ ನೀರನ್ನು ಖರ್ಚುಮಾಡದೆ ಕಾಲುವೆಯಿಂದಲೇ ಎತ್ತಿಕೊಳ್ಳಿ, ಆದರೆ ಆಮೇಲೆ ಎಲ್ಲರೂ ಸೋಪಿನಿಂದ ಕೈ ತೊಳೆಯಲೇಬೇಕು; ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಹೆದರಿಸುವ ಇಲಿಜ್ವರದ ರೋಗಾಣುಗಳು ಈ ನೀರಿನಲ್ಲೂ ಇರಬಹುದು. ದೋಣಿಯ ಹೊರಬದಿಯ ಕಿರಿದಾದ ಅಂಚಿನ ಮೇಲೆ ಕೆಸರುಗಾಲಲ್ಲಿ ನಡೆಯಲು ಯಾರನ್ನೂ ಬಿಡಬೇಡಿ. ಮಕ್ಕಳಿಗೆ ಹೊರಗಿರುವಷ್ಟು ಹೊತ್ತೂ ಲೈಫ್ ಜಾಕೆಟ್ ಇರಲಿ.

ಕೂಟದ ದಿನ ಪೇಚಿಗೆ ಸಿಕ್ಕಿಸುವುದು ಶೌಚಾಲಯ. ಇಬ್ಬರಿಗೆ ಮೂರು ದಿನ ಬರುವ ಸುಮಾರು 20 ಲೀಟರಿನ ಪೆಟ್ಟಿಗೆ ಹತ್ತು ಜನರಿಗೆ ಮಧ್ಯಾಹ್ನದೊಳಗೇ ತುಂಬುತ್ತದೆ. ಬೆಳಿಗ್ಗೆಯೇ ಖಾಲಿ ಮಾಡಿಟ್ಟು, ಬದಲಿ ಪೆಟ್ಟಿಗೆಯೊಂದನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಅಡುಗೆಯಲ್ಲಿ ಹಬೆಯೇ ಶತ್ರು. ಒದ್ದೆ ಕೋಟುಗಳು, ಹತ್ತು ಜನರ ಉಸಿರು, ಕುಕ್ಕರಿನ ವಿಷಲ್ ಸೇರಿದರೆ ಅರ್ಧ ಗಂಟೆಯಲ್ಲಿ ಕಿಟಕಿಯ ಚೌಕಟ್ಟಿನಿಂದ ನೀರು ತೊಟ್ಟಿಕ್ಕುತ್ತದೆ. ಆದ್ದರಿಂದ ಬೇಳೆ ಬೇಯಿಸಿ ಹೂರಣ ರುಬ್ಬುವುದನ್ನು ಹಿಂದಿನ ದಿನವೇ ಮುಗಿಸಿ, ಹಬ್ಬದ ದಿನ ಒಬ್ಬಟ್ಟು ಬೇಯಿಸುವುದು, ಸಾರು ಬಿಸಿಮಾಡುವುದು ಇಷ್ಟನ್ನೇ ಉಳಿಸಿಕೊಳ್ಳಿ. ಬೇವು-ಬೆಲ್ಲಕ್ಕೆ ಇಂಡಿಯನ್ ಅಂಗಡಿಯ ಒಣಗಿದ ಬೇವೇ ಗತಿ. ಚಳಿಯೆಂದು ಛಾವಣಿಯ ಗಾಳಿಕಿಂಡಿಗಳಿಗೆ ಬಟ್ಟೆ ತುರುಕಬೇಡಿ. ಒಲೆಯೂ ಗ್ಯಾಸೂ ಒಟ್ಟಿಗೆ ಉರಿಯುವಾಗ ಅದು ಪ್ರಾಣಾಪಾಯದ ಕೆಲಸ. 2019ರ ಏಪ್ರಿಲ್‌ನಿಂದ ವಾಸದ ದೋಣಿಗಳಲ್ಲಿ ಕಡ್ಡಾಯವಾಗಿರುವ ಕಾರ್ಬನ್ ಮಾನಾಕ್ಸೈಡ್ ಅಲಾರ್ಮಿನ ಗುಂಡಿಯನ್ನು ಅಂದು ಬೆಳಿಗ್ಗೆ ಒಮ್ಮೆ ಒತ್ತಿ ನೋಡಿ. ಪಾತ್ರೆ ತೊಳೆದ ನೀರು ನೇರವಾಗಿ ಕಾಲುವೆಗೇ ಹೋಗುವುದರಿಂದ ತುಪ್ಪದ ತಟ್ಟೆಗಳನ್ನು ಮೊದಲು ಕಾಗದದಿಂದ ಒರೆಸಿ ತೆಗೆಯಬೇಕು.

ಊಟವಾದ ಮೇಲೆ ದೋಣಿಯಲ್ಲಿ ಒಂದು ಸುತ್ತು ಹೋಗೋಣವೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಲಾಕು ಇಲ್ಲದ ದಾರಿಯಾದರೆ ಸರಿ. ಜಾರುವ ಲಾಕಿನ ಅಂಚಿನಲ್ಲಿ ಹೊಸಬರಿಗೆ ಕೆಲಸ ಕಲಿಸುವುದು ಬೇಸಿಗೆಗಿರಲಿ.

ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಾದ ಮೇಲೆ ಸಂಜೆ ಏಳೂವರೆಯ ಸುಮಾರಿನ ತನಕ ಬೆಳಕಿರುತ್ತದೆ. ಅಷ್ಟರೊಳಗೆ ವಯಸ್ಸಾದವರನ್ನು ಕಾರಿನ ತನಕ ಕೈಹಿಡಿದು ಬಿಟ್ಟುಬನ್ನಿ. ಹಿಂತಿರುಗಿದ ಕೂಡಲೇ ನೆಲ ಒರೆಸಲು ಹೋಗಬೇಡಿ, ಹಸಿ ಜೇಡಿ ಹಲಗೆಯ ಸಂದಿಗೆಲ್ಲ ಮೆತ್ತಿಕೊಳ್ಳುತ್ತದೆ. ಒಲೆಗೆ ಇನ್ನೆರಡು ತುಂಡು ಕಲ್ಲಿದ್ದಲು ಹಾಕಿ ಮಲಗಿಬಿಡಿ. ಬೆಳಿಗ್ಗೆ ಒಣಗಿ ಪುಡಿಯಾದ ಮಣ್ಣು ಒಂದೇ ಪೊರಕೆಗೆ ಬರುತ್ತದೆ.