ಹೊಟ್ಟೆಯ ತಜ್ಞರನ್ನು ಯಾವಾಗ ಕಾಣಬೇಕು: ಮೈಸೂರಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಕೆಲಸ ಸಿಕ್ಕಿಯೋ ವರ್ಗವಾಗಿಯೋ ಮೈಸೂರಿಗೆ ಬರುವ ಕುಟುಂಬಗಳು ನಮ್ಮ ಕನ್ನಡ ಬಳಗವನ್ನು ಮೊದಲು ವಿಚಾರಿಸುವುದು ಬಾಡಿಗೆ ಮನೆ ಮತ್ತು ಮಕ್ಕಳ ಶಾಲೆಯ ಬಗ್ಗೆ. ಆಸ್ಪತ್ರೆಯ ಪ್ರಶ್ನೆ ಏಳುವುದು ಮನೆಯ ಹಿರಿಯರು ಅಪರಾತ್ರಿಯಲ್ಲಿ ಹೊಟ್ಟೆ ಹಿಡಿದು ಕುಳಿತಾಗ. ಆಗಲೂ ಫೋನಿನಲ್ಲಿ ಕೇಳಿಬರುವ ಮಾತು ಒಂದೇ: "ಗ್ಯಾಸ್ಟ್ರಿಕ್ ಆಗಿರಬೇಕು, ಯಾವ ಮಾತ್ರೆ ಕೊಡೋಣ?" ಈ ಒಂದು ಪದದ ಹಿಂದೆ ಹತ್ತು ಬೇರೆ ಬೇರೆ ಕಾಯಿಲೆಗಳು ಅಡಗಿ ಕೂರುತ್ತವೆ. ನಮ್ಮ ಮನೆಯಲ್ಲಿ ಆದದ್ದೂ ಅದೇ.

ನಾವು ಹಾವೇರಿಯಿಂದ ಬಂದು ಕುವೆಂಪುನಗರದಲ್ಲಿ ಮನೆ ಮಾಡಿದ ಮೊದಲ ವರ್ಷ ನನ್ನ ತಂದೆಯವರು ಮಂಡಿನೋವಿಗೆ ಔಷಧಿ ಅಂಗಡಿಯಿಂದ ಮಾತ್ರೆ ತಂದು, ದಿನಕ್ಕೆ ಎರಡರಂತೆ ಏಳೆಂಟು ತಿಂಗಳು ನುಂಗಿದರು. ಹೊಟ್ಟೆ ಉರಿದರೆ ಮಜ್ಜಿಗೆ, ಇನ್ನೂ ಉರಿದರೆ ಸೋಡಾ ಪುಡಿ. ಮಲ ಡಾಂಬರಿನಂತೆ ಕಪ್ಪಾಗಿ, ಎರಡು ಬಕೆಟ್ ನೀರು ಹಾಕಿದರೂ ಹೋಗದಷ್ಟು ಅಂಟಾಗಿದ್ದುದನ್ನು ಅವರು ನಾಲ್ಕು ದಿನ ಕಂಡಿದ್ದರೂ, ಮಗಳ ಮುಂದೆ ಹೇಳಲು ಸಂಕೋಚಪಟ್ಟು ಸುಮ್ಮನಿದ್ದರು. ಐದನೆಯ ದಿನ ಬಚ್ಚಲಿನ ಬಾಗಿಲಲ್ಲಿ ಕುಸಿದು ಬಿದ್ದಾಗ ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ತಜ್ಞರು ನೋವಿನ ಬಗ್ಗೆ ಕೇಳುವ ಮೊದಲೇ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲಕ್ಕೆ ಹಾಕಿ ತನ್ನಿ ಎಂದರು. ಸಣ್ಣ ಕರುಳಿನ ಆರಂಭದಲ್ಲಿದ್ದ ಹುಣ್ಣಿನಿಂದ ರಕ್ತ ಒಸರುತ್ತಿತ್ತು. ಬಾಯಿಯಿಂದ ಇಳಿಸಿದ ಕೊಳವೆಯ ಮೂಲಕವೇ ಅದನ್ನು ನಿಲ್ಲಿಸಿದರು, ಹೊಟ್ಟೆ ಕೊಯ್ಯಬೇಕಾಗಲಿಲ್ಲ.

ಅಲ್ಸರ್ ಖಾರದಿಂದ ಬರುತ್ತದೆಂದು ನಂಬಿ ನಾವು ಮೆಣಸಿನಕಾಯಿಯನ್ನು ದೂರುತ್ತೇವೆ. ಖಾರ ಉರಿಯನ್ನು ಹೆಚ್ಚಿಸಬಹುದು, ಆದರೆ ಹುಣ್ಣಿಗೆ ಮುಖ್ಯ ಕಾರಣಗಳು ಎರಡು: ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ನೋವಿನ ಮಾತ್ರೆಗಳು ಮತ್ತು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಈ ಬ್ಯಾಕ್ಟೀರಿಯಾವನ್ನೂ ಹುಣ್ಣಿನಲ್ಲಿ ಅದರ ಪಾತ್ರವನ್ನೂ ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ಬ್ಯಾಕ್ಟೀರಿಯಾವನ್ನು ಕೊಲ್ಲಲು ಸಾಮಾನ್ಯವಾಗಿ 14 ದಿನಗಳ ಔಷಧಿ ಕೊಡುತ್ತಾರೆ. ಉರಿ ಕಡಿಮೆಯಾಯಿತೆಂದು ಐದನೆಯ ದಿನಕ್ಕೆ ನಿಲ್ಲಿಸುವವರು ನಮ್ಮಲ್ಲಿ ಬಹಳ; ದಯವಿಟ್ಟು ಹಾಗೆ ಮಾಡಬೇಡಿ.

ಈ ತಜ್ಞರು ಯಾರು?

ಗ್ಯಾಸ್ಟ್ರೋಎಂಟರಾಲಜಿಸ್ಟ್ ಎಂದರೆ ಕೇವಲ ಹೊಟ್ಟೆ ನೋಡುವವರಲ್ಲ. ಅನ್ನನಾಳ, ಜಠರ, ಕರುಳು, ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿ ಇವೆಲ್ಲವೂ ಅವರ ವ್ಯಾಪ್ತಿಗೆ ಬರುತ್ತವೆ. ಎಂ.ಬಿ.ಬಿ.ಎಸ್. ಮತ್ತು ಎಂ.ಡಿ. ಆದ ಮೇಲೆ ಮೂರು ವರ್ಷ ಓದಿ ಪಡೆಯುವ ಡಿ.ಎಂ. ಪದವಿಯನ್ನು ಫಲಕದಲ್ಲಿ ನೋಡಿಕೊಳ್ಳಿ. ಶಸ್ತ್ರಚಿಕಿತ್ಸೆ ಮಾಡುವವರು ಎಂ.ಸಿಎಚ್. ಮಾಡಿರುತ್ತಾರೆ. ಎರಡು ದಿನದ ಭೇದಿಗೆ ಇವರ ಬಳಿ ಓಡಬೇಕಾಗಿಲ್ಲ, ಓ.ಆರ್.ಎಸ್. ಕುಡಿಸಿ, ಬಡಾವಣೆಯ ವೈದ್ಯರಿಗೆ ತೋರಿಸಿದರೆ ಸಾಕು.

ತಡಮಾಡದೆ ತೋರಿಸಬೇಕಾದ ಲಕ್ಷಣಗಳು

- ರಕ್ತವಾಂತಿ ಅಥವಾ ಡಾಂಬರಿನಂತಹ ಮಲ: ಅದೇ ಗಳಿಗೆಯಲ್ಲಿ ತುರ್ತು ಚಿಕಿತ್ಸಾ ಘಟಕಕ್ಕೆ. (ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದನ್ನು ನಿರ್ಧರಿಸಬೇಕಾದವರು ವೈದ್ಯರು.)
- ನುಂಗುವಾಗ ಅನ್ನ ಎದೆಯಲ್ಲಿ ಸಿಕ್ಕಿಕೊಳ್ಳುವುದು.
- ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ.
- ಮಲದಲ್ಲಿ ರಕ್ತ. ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಬೇಡಿ.
- ನಡುವಯಸ್ಸು ದಾಟಿದ ಮೇಲೆ ಮಲವಿಸರ್ಜನೆಯ ರೂಢಿ ಹೊಸದಾಗಿ ಬದಲಾಗುವುದು.

ಎದೆಯ ನಡುವೆ ಒತ್ತಿದಂತಾಗಿ, ಬೆವರಿ, ನೋವು ದವಡೆಗೋ ಎಡತೋಳಿಗೋ ಹರಡಿದರೆ ಅದನ್ನು ಗ್ಯಾಸ್ ಎಂದು ಕರೆಯಬೇಡಿ. ಮೊದಲು ಇ.ಸಿ.ಜಿ. ಆಗಬೇಕು, ಕೆ.ಆರ್.ಎಸ್. ರಸ್ತೆಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ.

ಕಾಮಾಲೆ

ಮೈಸೂರು-ಮಂಡ್ಯದ ಹಳ್ಳಿಗಳಲ್ಲಿ ಕಾಮಾಲೆಗೆ ನಾಟಿ ಔಷಧಿ ಕೊಡುವವರನ್ನು ಯಾರಾದರೂ ನಿಮಗೆ ಖಂಡಿತ ಸೂಚಿಸುತ್ತಾರೆ, ಊರಿನಲ್ಲೂ ನೀವು ಅದನ್ನೇ ಕೇಳಿ ಬಂದಿರುತ್ತೀರಿ. ಕೊಳಕು ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುವುದರಿಂದ ಕೀರ್ತಿ ಸೊಪ್ಪಿನ ರಸಕ್ಕೆ ಸಲ್ಲುತ್ತದೆ. ಪಿತ್ತನಾಳದಲ್ಲಿ ಕಲ್ಲು ಅಥವಾ ಗಡ್ಡೆ ಅಡ್ಡ ನಿಂತು ಬಂದ ಕಾಮಾಲೆ ಯಾವ ಸೊಪ್ಪಿಗೂ ಇಳಿಯುವುದಿಲ್ಲ. ಅದರಲ್ಲಿ ಮೈ ತುರಿಸುತ್ತದೆ, ಮಲ ಬಿಳಿಚಿಕೊಳ್ಳುತ್ತದೆ. ಕಣ್ಣು ಹಳದಿಯಾದ ದಿನವೇ ರಕ್ತಪರೀಕ್ಷೆ ಮಾಡಿಸಿ. ಗರ್ಭಿಣಿಯರಿಗೆ ಕಾಮಾಲೆ ಬಂದರೆ ಒಂದು ದಿನವೂ ಕಾಯಬಾರದು, ಏಕೆಂದರೆ ಹೆಪಟೈಟಿಸ್ ಇ ಅವರಿಗೆ ಪ್ರಾಣಾಪಾಯ ತರಬಲ್ಲದು.

ಎಲ್ಲಿಗೆ ಹೋಗಬೇಕು?

- ಮೈಸೂರು: ಸರ್ಕಾರಿ ಕೆ.ಆರ್. ಆಸ್ಪತ್ರೆ.
- ಮಂಡ್ಯ: ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ) ಆಸ್ಪತ್ರೆ.
- ಆಂಬುಲೆನ್ಸ್: 108.
- ಬಿ.ಪಿ.ಎಲ್. ಕಾರ್ಡ್: ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ತುರ್ತು ಸ್ಥಿತಿ ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು.

ಎಂಡೋಸ್ಕೋಪಿಯ ದಿನ

ಬಾಯಿಯಿಂದ ಕೊಳವೆ ಇಳಿಸಿ ಜಠರದ ಒಳಗನ್ನು ನೋಡುವ ಈ ಪರೀಕ್ಷೆಗೆ ಹೆದರುವಂಥದ್ದೇನೂ ಇಲ್ಲ. ಆರರಿಂದ ಎಂಟು ಗಂಟೆ ಉಪವಾಸವಿರಬೇಕು. ಒಂದು ಲೋಟ ಕಾಫಿಯಿಂದ ಏನಾಗುತ್ತದೆ ಎಂದು ಕುಡಿದು ಬಂದವರನ್ನು ವಾಪಸ್ ಕಳುಹಿಸುತ್ತಾರೆ. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ ಕೊಳವೆ ಇಳಿಸುತ್ತಾರೆ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿಗೆ ಮಾತ್ರ ಹಿಂದಿನ ದಿನದಿಂದಲೇ ಕರುಳು ತೊಳೆಯುವ ದ್ರಾವಣವನ್ನು ಲೀಟರುಗಟ್ಟಲೆ ಕುಡಿಯಬೇಕಾಗುತ್ತದೆ, ಅದನ್ನು ಅರ್ಧಕ್ಕೆ ಬಿಟ್ಟರೆ ಪರೀಕ್ಷೆಯೇ ವ್ಯರ್ಥ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯವನ್ನು ಮೊದಲೇ ತಿಳಿಸಿ.

ನಿದ್ರೆಯ ಇಂಜೆಕ್ಷನ್ ಕೊಟ್ಟರೆ ಆ ದಿನ ಗಾಡಿ ಓಡಿಸುವಂತಿಲ್ಲ. ಜೊತೆಗೆ ಬರಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹಿಂದಿನ ದಿನ ಸಂಜೆಯೊಳಗೆ ಬಳಗಕ್ಕೆ ತಿಳಿಸಿ. ನಮ್ಮವರೊಬ್ಬರು ಬಂದು, ಪರೀಕ್ಷೆ ಮುಗಿಯುವವರೆಗೆ ಕೂತಿದ್ದು, ನಿಮ್ಮನ್ನು ಆಟೋದಲ್ಲಿ ಮನೆ ಮುಟ್ಟಿಸುತ್ತಾರೆ.