ಇಟ್ಟಿಗೆ ಗೋಡೆಯ ಬಿಳಿ ಪುಡಿ: ನನ್ನ ಅನುಭವ

ಮೂಡಿಗೆರೆಯ ನಮ್ಮ ಮನೆಯ ಹಿಂದಿನ ಗೋಡೆಗೆ ಪ್ಲಾಸ್ಟರ್ ಇಲ್ಲ, ಬರೀ ಇಟ್ಟಿಗೆ. ಮಳೆ ನಿಂತು ಡಿಸೆಂಬರ್ ಬಂದರೂ ಬುಡ ಒಣಗುತ್ತಿರಲಿಲ್ಲ. ಮೇಲೆಲ್ಲಾ ಬಿಳಿ ಪುಡಿ, ಕೈಯಿಟ್ಟರೆ ಇಟ್ಟಿಗೆಯ ಚಕ್ಕೆ ಏಳುತ್ತಿತ್ತು. ಅದು ಬೂಷ್ಟಲ್ಲ, ಉಪ್ಪು. ಗೋಡೆಯೊಳಗಿನ ನೀರು ಆರುವಾಗ ಹೊರಗೆ ಬಿಟ್ಟುಹೋಗುತ್ತದೆ.

ಸೂರಿನ ದೋಣಿ ಸೋರಿ ನೀರು ಅಲ್ಲೇ ಬೀಳುತ್ತಿತ್ತು. ಮೊದಲು ಅದನ್ನು ಸರಿ ಮಾಡಿಸಿದೆ. ಪುಡಿಯನ್ನು ಒಣ ಬ್ರಷ್‌ನಲ್ಲೇ ಉಜ್ಜಿದೆ. ನೀರು ಹಾಕಿದರೆ ಉಪ್ಪು ಮತ್ತೆ ಒಳಗೇ ಇಳಿಯುತ್ತೆ. ಸಂದಿನ ಸಡಿಲ ಗಾರೆಯನ್ನು ಒಂದಿಂಚು ಆಳ ಕೆರೆಸಿ, 1 ಪಾಲು ಸುಣ್ಣಕ್ಕೆ 3 ಪಾಲು ಮರಳು ಕಲಸಿ ತುಂಬಿಸಿದೆ.

"ಸಿಮೆಂಟೇ ಗಟ್ಟಿ ಸಾರ್" ಅಂದರು ಮೇಸ್ತ್ರಿ. ಗಟ್ಟಿ ಹೌದು, ಆದರೆ ಹಳೇ ಮೆತ್ತನೆ ಇಟ್ಟಿಗೆಗೆ ಅದು ಆಗಿಬರಲ್ಲ. ತೇವ ಸಂದಿನಲ್ಲಿ ಹೊರಬರಲಾಗದೆ ಇಟ್ಟಿಗೆಯನ್ನೇ ತಿನ್ನುತ್ತೆ. ಗಾರೆ ಬೇಗ ಒಣಗದಂತೆ ಒದ್ದೆ ಗೋಣಿಚೀಲ ಇಳಿಬಿಟ್ಟೆವು. ಈ ಚಳಿಗಾಲದಲ್ಲಿ ಪುಡಿ ಅಲ್ಲಲ್ಲಿ ಕಾಣಿಸಿತು, ಚಕ್ಕೆ ಏಳಲಿಲ್ಲ.