ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದಿದ್ದೀರಾ? ಕಾರು, ಮನೆಯ ಇನ್ಶೂರೆನ್ಸ್ ಬಗ್ಗೆ ಸ್ವಲ್ಪ ಕೇಳಿ

ಊರಲ್ಲಿ ಗಾಡಿಗೆ ಇನ್ಶೂರೆನ್ಸ್ ಮಾಡಿಸುತ್ತಿದ್ದದ್ದು ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದಾಗ ತೋರಿಸಲು. ಎಲ್‌ಐಸಿ ಮಾಡಿಸುತ್ತಿದ್ದದ್ದು ಮಾರ್ಚ್ ತಿಂಗಳಲ್ಲಿ ಟ್ಯಾಕ್ಸ್ ಉಳಿಸಲು. ಮನೆಗಂತೂ ಬ್ಯಾಂಕಿನವರು ಸಾಲದ ಜೊತೆ ಸೇರಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದೇ ಅಭ್ಯಾಸ ಇಟ್ಟುಕೊಂಡು ಇಲ್ಲಿಗೆ ಬರುತ್ತೇವೆ. ಕಾರು ಕೊಂಡ ದಿನ ಆನ್‌ಲೈನಲ್ಲಿ ಯಾವುದು ಎಲ್ಲಕ್ಕಿಂತ ಅಗ್ಗವೋ ಅದನ್ನು ಒತ್ತಿ, ಕಾರ್ಡ್ ಪ್ರಿಂಟ್ ತೆಗೆದು ಗ್ಲೋವ್ ಬಾಕ್ಸಿಗೆ ಹಾಕಿದರೆ ಕೆಲಸ ಮುಗೀತು ಅಂದುಕೊಳ್ಳುತ್ತೇವೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಕ್ಕೆ ಬಂದ ಹೊಸಬರಲ್ಲಿ ನಾನು ಹೆಚ್ಚಾಗಿ ನೋಡುವುದು ಇದನ್ನೇ. ನನಗೆ ಭಯ ಆಗುವುದೂ ಇದಕ್ಕೇ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಊರಿನ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಸಾವು, ಗಾಯದ ಪರಿಹಾರಕ್ಕೆ ಮಿತಿ ಇಲ್ಲ. ಟ್ರಿಬ್ಯೂನಲ್ ಎಷ್ಟು ಹೇಳುತ್ತದೋ ಅಷ್ಟನ್ನು ಕಂಪನಿ ಕಟ್ಟುತ್ತದೆ. ಇಲ್ಲಿ ಹಾಗಲ್ಲ. ನೀವು ಆರಿಸಿದ ಮಿತಿ ದಾಟಿತೋ, ಉಳಿದದ್ದಕ್ಕೆ ನೀವೇ ಹೊಣೆ. ಕೋರ್ಟು ನಿಮ್ಮ ಸಂಬಳ, ಉಳಿತಾಯದವರೆಗೂ ಬರಬಹುದು. ಕ್ಯಾಲಿಫೋರ್ನಿಯಾದ ಕನಿಷ್ಠ ಮಿತಿ 1967ರಿಂದ ಒಬ್ಬರ ಗಾಯಕ್ಕೆ 15 ಸಾವಿರ ಡಾಲರ್, ಒಂದು ಅಪಘಾತಕ್ಕೆ 30 ಸಾವಿರ, ಆಸ್ತಿ ಹಾನಿಗೆ 5 ಸಾವಿರ ಅಂತಲೇ ಇತ್ತು. 2025ರ ಜನವರಿಯಿಂದ ಅದು 30, 60, 15 ಸಾವಿರ ಆಗಿದೆ. ಆದರೂ ಯಾವ ಮೂಲೆಗೆ? ಎದುರಿಗಿದ್ದದ್ದು ಹೊಸ ಟೆಸ್ಲಾ ಆದರೆ 15 ಸಾವಿರ ಅದೊಂದಕ್ಕೇ ಸಾಲದೇ ಹೋಗಬಹುದು. ಒಬ್ಬರಿಗೆ ಆಪರೇಷನ್ ಆಗಿ ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದರೆ 30 ಸಾವಿರ ಎಲ್ಲಿ ಹೋಯಿತು ಅಂತಲೂ ಗೊತ್ತಾಗುವುದಿಲ್ಲ. ಬಾಡಿಗೆ ಮನೆಯಲ್ಲಿದ್ದರೂ 100/300ಕ್ಕಿಂತ, ಅಂದರೆ ಒಬ್ಬರ ಗಾಯಕ್ಕೆ 100 ಸಾವಿರ, ಒಂದು ಅಪಘಾತಕ್ಕೆ 300 ಸಾವಿರಕ್ಕಿಂತ ಕೆಳಗೆ ಇಳಿಯಬೇಡಿ. ಮನೆ ಕೊಂಡ ಮೇಲೆ 250/500 ಮಾಡಿಸಿ, ಆ ಮಿತಿ ದಾಟಿದ ಮೇಲೆ ಕಾಯುವ ಹತ್ತು ಲಕ್ಷ ಡಾಲರಿನ ಅಂಬ್ರೆಲಾ ಪಾಲಿಸಿಯನ್ನೂ ತೊಗೊಳ್ಳಿ.

ಇನ್ನೊಂದು, ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜ್. ಇನ್ಶೂರೆನ್ಸೇ ಇಲ್ಲದವನು ಬಂದು ಗುದ್ದಿದರೆ ನಿಮ್ಮನ್ನು ಕಾಯುವುದು ಇದು. ಕಂಪನಿ ಇದನ್ನು ನಿಮ್ಮ ಮುಂದೆ ಇಡಲೇಬೇಕು, ಬೇಡ ಅಂದರೆ ಸಹಿ ಮಾಡಿಸಿಕೊಳ್ಳಬೇಕು. ನಾಲ್ಕು ಕಾಸು ಉಳಿಯುತ್ತದೆ ಅಂತ ಆ ಸಹಿ ಮಾತ್ರ ಹಾಕಬೇಡಿ.

ಹಾಗಾದರೆ ದುಡ್ಡು ಉಳಿಸುವುದು ಎಲ್ಲಿ? ನೀವೇ ತಡೆದುಕೊಳ್ಳಬಲ್ಲ ನಷ್ಟದಲ್ಲಿ. ಡಿಡಕ್ಟಿಬಲ್, ಅಂದರೆ ಕ್ಲೇಮ್ ಆದಾಗ ಮೊದಲು ನಿಮ್ಮ ಕೈಯಿಂದ ಹೋಗುವ ಮೊತ್ತ, 500 ಇದ್ದರೆ 1,000 ಮಾಡಿ, ಆ ಸಾವಿರವನ್ನು ಬ್ಯಾಂಕಿನಲ್ಲಿ ಪಕ್ಕಕ್ಕೆ ಇಡಿ. ಡಿಕ್ಕಿಯಲ್ಲಿ ನಿಮ್ಮದೇ ಕಾರಿಗಾದ ಹಾನಿಗೆ ಕೊಡುವ ಕೊಲಿಷನ್ ಕವರೇಜ್ ಹಳೇ ಕಾರಿಗೆ ಬೇಕೇ ಅಂತ ಯೋಚಿಸಿ. 1988ರಲ್ಲಿ ಇಲ್ಲಿನ ಜನ ಓಟು ಹಾಕಿ ತಂದ ಪ್ರೊಪೊಸಿಷನ್ 103ರ ಪ್ರಕಾರ ಕಾರಿನ ಪ್ರೀಮಿಯಂಗೆ ಮುಖ್ಯವಾಗುವುದು ಮೂರು: ಓಡಿಸಿದ ದಾಖಲೆ, ವರ್ಷಕ್ಕೆ ಎಷ್ಟು ಮೈಲಿ, ಎಷ್ಟು ವರ್ಷದ ಅನುಭವ. ಕ್ರೆಡಿಟ್ ಸ್ಕೋರ್ ನೋಡುವಂತಿಲ್ಲ. ಟೆಕ್ಸಾಸಿನ ಗೆಳೆಯರು ಬೇರೆ ಹೇಳಿದರೆ ಅದು ಅಲ್ಲಿನ ಮಾತು. ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗುತ್ತಿದ್ದರೆ ಮೈಲಿ ತಿದ್ದಿಸಿ, ಪ್ರೀಮಿಯಂ ಇಳಿಯುತ್ತದೆ. ರಾಜ್ಯದ ಇನ್ಶೂರೆನ್ಸ್ ಇಲಾಖೆಯ ವೆಬ್‌ಸೈಟಿನಲ್ಲಿ ದರ ಹೋಲಿಸಿ ನೋಡಬಹುದು. ಅರ್ಜಿ, ಫೋಟೋ, ಲೈಸೆನ್ಸ್ ಕಾಪಿ ಎಲ್ಲ ಒಂದು ಸಂಜೆಯ ಕೆಲಸ.

ಇನ್ನು ಮನೆಯ ಮಾತು. ಊರಲ್ಲಿ ಕೊಟ್ಟಿಗೆಗೆ ಬೆಂಕಿ ಬಿದ್ದರೆ ಇಡೀ ಕೇರಿ ಕೊಡಪಾನ ಹಿಡಿದು ಓಡಿ ಬರುತ್ತಿತ್ತು. ಮಾರನೇ ದಿನ ಒಬ್ಬರು ಬಿದಿರು ತರುತ್ತಿದ್ದರು, ಒಬ್ಬರು ಹೆಂಚು, ಇನ್ನೊಬ್ಬರು ಅಕ್ಕಿ. ಅದನ್ನು ಬಿಟ್ಟು ಬಂದಿದ್ದೇವೆ. ಇಲ್ಲಿನ ಅಕ್ಕಪಕ್ಕದವರೂ ಒಳ್ಳೆಯವರೇ. ಕನ್ನಡ ಕೂಟದವರು ವಾರಗಟ್ಟಲೆ ಊಟ ತಂದು ಕೊಡುತ್ತಾರೆ. ಆದರೆ ಮನೆ ಮತ್ತೆ ಎದ್ದು ನಿಲ್ಲಬೇಕಾದರೆ ಪಾಲಿಸಿಯೇ ಗತಿ. ನಮ್ಮ ಮಕ್ಕಳಿಗೆ ತೀರ್ಥಹಳ್ಳಿಯೋ ಧಾರವಾಡವೋ ರಜೆಗೆ ಹೋಗುವ ಊರು. ಇಲ್ಲಿನ ಈ ಮನೆ ಹೋದರೆ ಅವರಿಗೆ ಮನೆ ಅಂತ ಇನ್ನೊಂದಿಲ್ಲ.

ಬಾಡಿಗೆಯವರು ತಮ್ಮ ಸಾಮಾನುಗಳಿಗೆ ರೆಂಟರ್ಸ್ ಪಾಲಿಸಿ ಮಾಡಿಸಿ, ಅಗ್ಗ. ಸ್ವಂತ ಮನೆಯವರು ಪಾಲಿಸಿಯ ಮೊತ್ತಗಳೆಲ್ಲ ಇರುವ ಡಿಕ್ಲರೇಷನ್ ಪುಟ ತೆಗೆದು ಡ್ವೆಲಿಂಗ್ ಅನ್ನುವ ಸಾಲು ನೋಡಿ. ಅಲ್ಲಿ ಇರಬೇಕಾದ್ದು ಮನೆ ಕೊಂಡ ಬೆಲೆ ಅಲ್ಲ. ಇಲ್ಲಿ ಬೆಲೆಯ ದೊಡ್ಡ ಪಾಲು ಜಾಗದ್ದು, ಜಾಗ ಸುಡುವುದಿಲ್ಲ. ಇವತ್ತಿನ ಕೂಲಿ, ಇವತ್ತಿನ ಮರಮುಟ್ಟಿನ ದರದಲ್ಲಿ ಮತ್ತೆ ಕಟ್ಟಲು ಎಷ್ಟಾಗುತ್ತದೋ ಅಷ್ಟಿರಬೇಕು. 2017ರಲ್ಲಿ ಸಾಂಟಾ ರೋಸಾ ಸುಟ್ಟಾಗ, 2018ರಲ್ಲಿ ಪ್ಯಾರಡೈಸ್ ಸುಟ್ಟಾಗ, ಪಾಲಿಸಿ ಇದ್ದೂ ಕಟ್ಟಲು ಸಾಲದೆ ಎಷ್ಟೋ ಜನ ಒದ್ದಾಡಿದರು. ಎಕ್ಸ್‌ಟೆಂಡೆಡ್ ರಿಪ್ಲೇಸ್‌ಮೆಂಟ್ ಕಾಸ್ಟ್ ಅಂತ 25 ಅಥವಾ 50 ಪರ್ಸೆಂಟ್ ಜಾಸ್ತಿ ಸಿಗುವ ಹಾಗೆ ಸೇರಿಸಿ. ಭೂಕಂಪ ಇದರಲ್ಲಿ ಬರುವುದಿಲ್ಲ, ಪ್ರವಾಹವೂ ಬರುವುದಿಲ್ಲ. 1994ರ ನಾರ್ತ್‌ರಿಡ್ಜ್ ಭೂಕಂಪದ ನಂತರ ಕ್ಯಾಲಿಫೋರ್ನಿಯಾ ಅರ್ತ್‌ಕ್ವೇಕ್ ಅಥಾರಿಟಿ ಹುಟ್ಟಿತು, ಬಹಳಷ್ಟು ಕಂಪನಿಗಳು ಭೂಕಂಪದ ಪಾಲಿಸಿ ಮಾಡಿಸಿಕೊಡುವುದು ಅದರ ಮೂಲಕ. ಡಿಡಕ್ಟಿಬಲ್ ದೊಡ್ಡದು, ನಿಜ. ಆದರೆ ನಮ್ಮವರು ಇಷ್ಟೊಂದು ಜನ ಇರುವ ಫ್ರೀಮಾಂಟಿನ ಒಳಗೇ ಹೇವರ್ಡ್ ಫಾಲ್ಟ್ ಅನ್ನುವ ಭೂಕಂಪದ ಬಿರುಕು ಹಾದು ಹೋಗಿದೆ.

ಈಗ ಚಿನ್ನ. ನಮ್ಮವರು ಯಾರೂ ಕೇಳದ ಪ್ರಶ್ನೆ ಇದು. ಸಾಮಾನ್ಯ ಹೋಮ್ ಪಾಲಿಸಿಯಲ್ಲಿ ಕಳ್ಳತನವಾದ ಒಡವೆಗೆಲ್ಲ ಸೇರಿಸಿ ಕೊಡುವುದು ಹೆಚ್ಚಾಗಿ 1,500 ಡಾಲರ್. ಬೆಳ್ಳಿ ಸಾಮಾನಿಗೆ 2,500ರ ಆಸುಪಾಸು, ನಗದಿಗೆ 200. ಒಂದು ಜೊತೆ ಬಳೆಗೂ ಸಾಲದು ಅಲ್ವಾ? ನಮ್ಮ ಮನೆಗಳಲ್ಲಿ ಚಿನ್ನ ಇರುತ್ತದೆ ಅಂತ ಇಲ್ಲಿನ ಕಳ್ಳರಿಗೂ ಗೊತ್ತು. ನನ್ನ ಪರಿಚಯದ ಒಂದು ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆಂದು ಬ್ಯಾಂಕ್ ಲಾಕರಿನಿಂದ ತಂದದ್ದು ವಾರದೊಳಗೆ ಹೋಯಿತು. ಬಿಲ್ ಇರಲಿಲ್ಲ, ಫೋಟೋ ಅಂದರೆ ಮದುವೆ ಆಲ್ಬಮ್ ಒಂದೇ. ಆಕೆ ಆಲ್ಬಮ್ ಬಿಚ್ಚಿ ಕೂತು, ಅಜ್ಜಿಯ ಕಾಸಿನ ಸರದಲ್ಲಿ ಎಷ್ಟು ಕಾಸು ಅಂತ ಬೆರಳಿಟ್ಟು ಎಣಿಸುತ್ತಿದ್ದರು. ಅರ್ಧ ಸರ ಹಾರದ ಹಿಂದೆ ಮುಚ್ಚಿಹೋಗಿತ್ತು. ಅದನ್ನು ನೋಡಿ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು.

ಆದ್ದರಿಂದ ಒಂದು ಶನಿವಾರ ಕೂತು ಪ್ರತಿ ಒಡವೆಯನ್ನೂ ಬಿಳಿ ಬಟ್ಟೆಯ ಮೇಲಿಟ್ಟು ಎರಡು ಕಡೆಯಿಂದ ಫೋಟೋ ತೆಗೆಯಿರಿ. 22 ಕ್ಯಾರೆಟ್ ಚಿನ್ನ ತಿಳಿದವರ ಹತ್ತಿರ ತೂಕ, ಬೆಲೆ ಬರೆಸಿ ಅಪ್ರೈಸಲ್ ತೊಗೊಳ್ಳಿ. ಅದನ್ನು ಕೊಟ್ಟು ಪಾಲಿಸಿಗೆ ಜ್ಯುವೆಲ್ರಿ ರೈಡರ್, ಅಂದರೆ ಒಡವೆಗೆಂದೇ ಹೆಚ್ಚುವರಿ ಕವರೇಜ್, ಸೇರಿಸಿ. ಚಿನ್ನದ ಬೆಲೆ ಏರಿದೆ, ಐದು ವರ್ಷದ ಹಿಂದಿನ ಅಪ್ರೈಸಲ್ ಇದ್ದರೆ ಮತ್ತೆ ಮಾಡಿಸಬೇಕು. ಲಾಕರಿನಲ್ಲಿಟ್ಟರೆ ಬ್ಯಾಂಕ್ ಜವಾಬ್ದಾರಿ ಅಂತ ತಿಳಿಯಬೇಡಿ. ಖಾತೆಯ ದುಡ್ಡಿಗೆ ಇರುವ ಸರ್ಕಾರಿ ವಿಮೆ ಲಾಕರಿಗಿಲ್ಲ.

ಅಪ್ಪ ಅಮ್ಮ ಆರು ತಿಂಗಳಿಗೆ ಬಂದು, ಅಪ್ಪ ಊರಿನ ಲೈಸೆನ್ಸಿನಲ್ಲೇ ಮೊಮ್ಮಗನನ್ನು ಶಾಲೆಗೆ ಬಿಡುತ್ತೇನೆ ಅಂದರೆ, ಮೊದಲು ಕಂಪನಿಗೆ ತಿಳಿಸಿ. ಮನೆಯಲ್ಲೇ ಇದ್ದು ಕಾರು ಓಡಿಸುವವರ ಹೆಸರು ಮುಚ್ಚಿಟ್ಟರೆ ಕ್ಲೇಮ್ ಬಂದ ದಿನ ತಕರಾರು. ಮಕ್ಕಳಿಗೆ ಹದಿನಾರಕ್ಕೆ ಲೈಸೆನ್ಸ್ ಬಂದಾಗ ಪ್ರೀಮಿಯಂ ಏರಿಯೇ ಏರುತ್ತದೆ. ಆಗಲೂ ಹೆಸರು ಸೇರಿಸಿ, ಒಳ್ಳೆ ಮಾರ್ಕ್ಸ್ ಇದ್ದರೆ ಗುಡ್ ಸ್ಟೂಡೆಂಟ್ ಡಿಸ್ಕೌಂಟ್ ಕೇಳಿ.

ಬೆಟ್ಟದ ಕಡೆ ಮನೆ ಮಾಡಿದವರಿಗೆ ಈಚೆಗೆ ಪಾಲಿಸಿ ಮುಂದುವರಿಸುವುದಿಲ್ಲ ಅಂತ ಕಾಗದ ಬರುವುದು ಹೆಚ್ಚಾಗಿದೆ. ಕಂಪನಿ 75 ದಿನ ಮೊದಲೇ ತಿಳಿಸಬೇಕು. ಜಂಕ್ ಮೇಲ್ ಅಂತ ಎಸೆದು ಊರಿಗೆ ವಿಮಾನ ಹತ್ತಿಬಿಟ್ಟರೆ ಆ 75 ದಿನವೂ ಹೋಯಿತು. ಕಾಗದ ಬಂದ ದಿನವೇ ಹಲವು ಕಂಪನಿಗಳ ಪಾಲಿಸಿ ಮಾಡಿಸುವ ಸ್ವತಂತ್ರ ಏಜೆಂಟ್ ಒಬ್ಬರಿಗೆ ಫೋನ್ ಮಾಡಿ. ಎಲ್ಲೂ ಸಿಗದಿದ್ದರೆ ಕೊನೆಗೆ ಫೇರ್ ಪ್ಲಾನ್ ಇದೆ. ಆದರೆ ಅದು ಮುಖ್ಯವಾಗಿ ಬೆಂಕಿ, ಹೊಗೆಗೆ ಮಾತ್ರ. ಕಳ್ಳತನ, ನೀರಿನ ಹಾನಿ, ಲಯಬಿಲಿಟಿಗೆ (ಬೇರೆಯವರಿಗೆ ಆದ ಹಾನಿಯ ಹೊಣೆಗೆ) ಅದರ ಜೊತೆ ಡಿಫರೆನ್ಸ್ ಇನ್ ಕಂಡಿಷನ್ಸ್ ಅನ್ನುವ ಇನ್ನೊಂದು ಪಾಲಿಸಿ ಮಾಡಿಸಲೇಬೇಕು. ಎರಡೂ ಕೈಗೆ ಬರುವ ತನಕ ಹಳೆಯದನ್ನು ಬಿಡಬೇಡಿ.